ಅತ್ತೆಯ ಮಗ್ಗುಲು ಬದಲಿಸೋಕೆ ಒಬ್ಬರು ಸಾಕು

ರೀ,

ಭಾನುವಾರ ಅಂತ ಮಲಗಿರಬೇಡಿ, ಎದ್ದ ತಕ್ಷಣ ಅತ್ತೆಯ ಕೋಣೆಗೆ ಹೋಗಿ. ನಿಮ್ಮ ಇಲಾಖೆ ಅನುದಾನಕ್ಕೆ ಕತ್ತರಿ ಹಾಕಿದ್ದಕ್ಕೆ ಟ್ರಸ್ಟಿನ ವೃದ್ಧಾಶ್ರಮದವರು ನಿನ್ನೆ ಮನೆಗೆ ಕಳಿಸಿದ್ದು ನಿಮ್ಮ ಅಮ್ಮನನ್ನೇ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ರೆ ಬೆನ್ನು ಹುಣ್ಣಾಗುತ್ತೆ. ಅಲ್ಲಿ ಇಬ್ಬರು ಆಯಾಗಳು ಹಿಡಿದು ತಿರುಗಿಸ್ತಿದ್ರು. ಒಬ್ಬರೇ ಸಾಕು ಅಂತ ಆದೇಶ ಬರೆದದ್ದು ನೀವೇ ಅಲ್ವಾ, ನಿಮಗದೇನು ಮಹಾ.

ಎಡ ಭುಜ ಜೋಪಾನ. ನೋವಾದ್ರೂ ಮಗನ ಹತ್ರ ಬಾಯಿ ಬಿಡಲ್ಲ ಅವರು. ನಿಮ್ಮ ಸೊಂಟ ಹಿಡ್ಕೊಂಡ್ರೆ ನೋವಿನೆಣ್ಣೆ ಕಿಟಕಿ ಹತ್ರ ಇದೆ.

ಅನುದಾನ ವಾಪಸ್ ಕೊಡಿ ಅಂತ ಆ ಆಯಾಗಳ ಜೊತೆ ನಾನೂ ಮಂತ್ರಿಗಳ ಮನೆ ಮುಂದೆ ಧರಣಿಗೆ ಹೋಗ್ತಿದ್ದೀನಿ, ಸಂಜೆ ಬರ್ತೀನಿ. ಇನ್ನೊಬ್ಬರು ಬೇಕು ಅನ್ನಿಸಿದ್ರೆ ನನಗೆ ಫೋನ್ ಮಾಡಬೇಡಿ. ಅದನ್ನೇ ಈ ಚೀಟಿಯ ಕೆಳಗೆ ಬರೆದು, ಸಹಿ ಹಾಕಿಡಿ. ನಾಳೆ ಧರಣಿಗೆ ತಗೊಂಡು ಹೋಗ್ತೀನಿ.