ಎರಡೂ ಕಡೆ ಬೆನ್ನಿರುವ ಕಲ್ಲು

ಜಯನಗರ, ಬೆಂಗಳೂರು
೯ ಮಾರ್ಚ್ ೨೦೨೫

ಪ್ರೀತಿಯ ಸರಸ್ವತಿ,

ನಿನಗಿಂತ ದೊಡ್ಡವಳಾದ್ದರಿಂದ ಮೊದಲು ಆಶೀರ್ವಾದ, ಆಮೇಲೆ ಉಳಿದದ್ದು. ಹಾಸನದ ಬೆಳಗಿನ ಚಳಿಗೆ ಸ್ವೆಟರ್ ಹಾಕಿಕೊಳ್ಳಲು ನೀನು ತಕರಾರು ಮಾಡುತ್ತೀಯೆಂದು ನಿನ್ನ ಮಗಳು ಶುಭಾ ಬರೆದಿದ್ದಳು. ಮಗಳ ಮಾತು ಕೇಳು. ದೀಪಾವಳಿಯಿಂದ ಈಚೆಗೆ ನಾನು ನಿನಗೆ ಒಂದು ಸಾಲೂ ಬರೆಯಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡೆ, ಅದೊಂದು ಕಾರಣ. ಬೇರೆ ಕಾರಣಗಳೂ ಇವೆ. ಏನೇ ಇರಲಿ, ತಡವಾದದ್ದು ತಡವೇ. ಕ್ಷಮಿಸು.

ನಿನಗೆ ಈಗ ಹೆಸರುಗಳು ಜಾರಿಹೋಗುತ್ತವೆಂದು ಶುಭಾ ಹೇಳಿದ್ದರಿಂದ ಯಾರು ಯಾರೆಂಬುದನ್ನು ಬಿಡಿಸಿ ಬರೆಯುತ್ತೇನೆ. ನಾನು ನೀಲಗಂಗಮ್ಮ, ಜಯನಗರದಲ್ಲಿ ನಿನ್ನ ಎದುರು ಮನೆಯವಳು. ನೀನು ನನ್ನನ್ನು ಗಂಗಾ ಎನ್ನುತ್ತಿದ್ದೆ. ಸೋಮನಾಥ ನನ್ನ ಮಗ, ಚಿಕ್ಕಪೇಟೆಯ ನಮ್ಮ ಬಟ್ಟೆ ಅಂಗಡಿ ಈಗ ಅವನ ಕೈಯಲ್ಲಿದೆ. ಮೇಘಶ್ರೀ ಅವನ ಹೆಂಡತಿ, ಬ್ಯಾಂಕಿನಲ್ಲಿದ್ದಾಳೆ. ಇಬ್ಬರೂ ಒಳ್ಳೆಯವರು. ಬೆಳಿಗ್ಗೆ ಹೋದರೆ ದೀಪ ಹಚ್ಚಿದ ಮೇಲೆ ಬರುತ್ತಾರೆ. ಬಂದವರು ‘ಊಟ ಆಯ್ತಾ ಅಮ್ಮ’ ಎಂದು ಕೇಳುತ್ತಾರೆ, ನಾನು ‘ಆಯ್ತು’ ಎನ್ನುತ್ತೇನೆ. ನಮ್ಮ ಮನೆಯಲ್ಲಿ ಒಂದು ದಿನಕ್ಕೆ ಆಗುವ ಮಾತು ಅಷ್ಟು.

ನಿನ್ನ ಮನೆ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಜನ ಎಲ್ಲ ಮೇಲಿದ್ದಾರೆ, ಕೆಳಗೆ ಬರೀ ಕಾರು. ಸಂಜೆ ಜಗಲಿಯಲ್ಲಿ ಕೂತರೆ ನನಗೆ ಎದುರಾಗುವುದು ಕಾರುಗಳ ಮೂತಿ. ನೀನು ಕಾಫಿ ಲೋಟ ಸೆರಗಿನಲ್ಲಿ ಮುಚ್ಚಿಕೊಂಡು ರಸ್ತೆ ದಾಟಿ ಬರುತ್ತಿದ್ದ ಹೊತ್ತಿಗೆ ಈಗ ಅವರ ವಾಚ್‌ಮನ್ ಹೊರಗಿನ ಲೈಟು ಹಾಕುತ್ತಾನೆ.

ಇರಲಿ, ಸುದ್ದಿಗೆ ಬರುತ್ತೇನೆ. ದಸರಾ ಹೊತ್ತಿಗೆ ಮನೆಯನ್ನು ಹೊಸದು ಮಾಡಿಸಿದರು. ನೆಲ ಹೊಸದು, ಬಾಗಿಲು ಹೊಸದು. ಯಜಮಾನರು ಲಿಂಗೈಕ್ಯರಾದ ಮೇಲೆ ಅವರ ಕುರ್ಚಿಯನ್ನು ಯಾರೂ ಮುಟ್ಟಿರಲಿಲ್ಲ, ಅದೂ ಅಟ್ಟಕ್ಕೆ ಹೋಯಿತು. ಕೆಲಸ ಮಾಡಿಸಿದವನು ಭಾರ್ಗವ ಎಂಬ ಹುಡುಗ. ಮನೆ ಸಿಂಗರಿಸುವುದನ್ನೇ ಓದಿಕೊಂಡು ಬಂದಿದ್ದಾನೆ. ಮುಂದಿನ ಹಾಲ್‌ನ ನಡುವೆ ನಿಂತು, “ಆಂಟಿ, ಇಲ್ಲಿ ಒಂದು ಸ್ಟೇಟ್‌ಮೆಂಟ್ ಪೀಸ್ ಬೇಕು” ಎಂದ.

“ಸ್ಟೇಟ್‌ಮೆಂಟ್ ಕೊಡೋದು ಪೊಲೀಸ್ ಠಾಣೇಲಿ ಕಣಪ್ಪ, ಹಾಲಲ್ಲಿ ಯಾಕೆ?” ಎಂದೆ.

“ಹಂಗಲ್ಲ ಆಂಟಿ. ಮನೆಗೆ ಬಂದೋರು ಅದನ್ನ ನೋಡಿ ಮರೀಬಾರ್ದು. ‘ಓ, ಅದಿರೋ ಮನೆ’ ಅಂತ ಜ್ಞಾಪಕ ಇಟ್ಕೋಬೇಕು.”

ಅವನು ತೋರಿಸಿದ ಚಿತ್ರಗಳಲ್ಲಿ ಹಿತ್ತಾಳೆಯ ಕುದುರೆ ಇತ್ತು, ಬುದ್ಧನ ತಲೆ ಇತ್ತು. ಬುದ್ಧನ ತಲೆ ಈಗ ಬ್ಯೂಟಿ ಪಾರ್ಲರಿನಲ್ಲೂ ಇರುತ್ತದೆ. ಆಗ ನಾನು ಯಾವುದನ್ನೂ ಆರಿಸಲಿಲ್ಲ. ಆದರೆ ದೀಪಾವಳಿ ಕಳೆದ ಮೇಲೆ ನಾನೇ ಅವನಿಗೆ ಫೋನ್ ಮಾಡಿ, “ನನ್ನ ದುಡ್ಡು, ನಾನು ಆರಿಸ್ತೀನಿ, ಕರ್ಕೊಂಡು ಹೋಗು” ಎಂದೆ. ಹೆದರಿಕೊಂಡೇ ಕರೆದುಕೊಂಡು ಹೋದ.

ಉತ್ತರಹಳ್ಳಿಯ ಆಚೆ ಒಂದು ತಗಡಿನ ಶೆಡ್ಡು. ಅಲ್ಲಿ ಪ್ರಕೃತಿ ಎಂಬ ಹುಡುಗಿ ಕಲ್ಲು ಕೆತ್ತುತ್ತಾಳೆ. ಗಂಡು ಹುಡುಗರ ಹಾಗೆ ಪ್ಯಾಂಟು, ತಲೆತುಂಬಾ ಕಲ್ಲಿನ ಪುಡಿ. ಮೂಲೆಯಲ್ಲಿ ನನ್ನ ಸೊಂಟದೆತ್ತರದ ಕರಿಕಲ್ಲು. ಒಬ್ಬ ಹೆಂಗಸು ಮೊಣಕಾಲು ಮಡಚಿಕೊಂಡು, ತಲೆ ಬಗ್ಗಿಸಿ ಕೂತಿದ್ದಾಳೆ, ನನಗೆ ಬೆನ್ನು ಹಾಕಿ. ತುರುಬು, ಕತ್ತಿನ ಎಲುಬು, ರವಿಕೆಯ ಅಂಚು, ಎಲ್ಲವೂ ಚೆನ್ನಾಗಿತ್ತು. ಮುಖ ನೋಡೋಣವೆಂದು ಸುತ್ತಿ ಹೋದರೆ ಆ ಕಡೆಯೂ ತುರುಬು, ಆ ಕಡೆಯೂ ಬೆನ್ನು.

“ಮುಖ ಎಲ್ಲಮ್ಮ?” ಎಂದೆ.

“ಇಲ್ಲ ಆಂಟಿ. ಎರಡೂ ಕಡೆ ಬೆನ್ನೇ.”

“ಮುಖ ಮಾಡೋಕೆ ಬರಲ್ವಾ?”

“ಬರುತ್ತೆ. ಬೇಡ ಅಂತ ಮಾಡಿಲ್ಲ.”

ಆ ಉತ್ತರ ನನಗೆ ಹಿಡಿಸಿತು. ಬರುವುದಿಲ್ಲ ಎನ್ನುವವರು ಬಹಳ, ಬೇಡ ಎನ್ನುವವರು ಕಡಿಮೆ. ಕೊಂಡುಬಿಟ್ಟೆ.

ಮನೆಗೆ ತಂದ ದಿನ ದೊಡ್ಡ ರಾದ್ಧಾಂತ. ಪೋರ್ಟಿಕೋ ಅಡ್ಡ ಬಂದು ಕ್ರೇನ್ ಒಳಗೆ ಬರಲಿಲ್ಲ. ಕೆಳಗೆ ಮಣೆ ಮಾಡಿಸದೆ ಇಟ್ಟರೆ ಹೊಸ ನೆಲ ಸೀಳುತ್ತದೆಂದು ಭಾರ್ಗವ ಹೇಳಿದ. ಸದ್ಯಕ್ಕಿರಲಿ ಎಂದು ಕಾಂಪೌಂಡಿನ ಹೊರಗೆ, ಹೊಂಗೆಮರದ ಬುಡದಲ್ಲಿ ಇಳಿಸಿ ಹೋದರು. ಮೇಘಶ್ರೀ ಬ್ಯಾಂಕಿನಿಂದ ಬಂದವಳು ಅಲ್ಲೇ ನಿಂತುಬಿಟ್ಟಳು.

“ಅತ್ತೆ, ಮನೆಗೆ ಬಂದೋರಿಗೆ ಬೆನ್ನು ತೋರ್ಸೋ ವಿಗ್ರಹ ಯಾರಾದ್ರೂ ತರ್ತಾರಾ?”

“ಮನೆಗೆ ಬರೋರು ಯಾರಿದಾರೆ ಹೇಳು, ನೋಡೋಕೆ?” ಎಂದೆ. ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ನಾನು ಎಂದಿನಂತೆ ಬಾಗಿಲಿಗೆ ನೀರು ಹಾಕಿದೆ. ಕಲ್ಲಿನ ಮೇಲೆ ದಾರಿಯ ಧೂಳಿತ್ತು, ಅದಕ್ಕೂ ಎರಡು ತಂಬಿಗೆ ಸುರಿದು ಒರೆಸಿದೆ. ಗೇಟಿನ ಮುಂದೆ ರಂಗೋಲಿ ಹಾಕುವಾಗ ಕಲ್ಲು ಪಕ್ಕದಲ್ಲೇ ಇತ್ತು, ಬಳ್ಳಿಯ ಎಳೆಯನ್ನು ಅದರ ಸುತ್ತ ಒಂದು ಸುತ್ತು ತಂದೆ. ಅಷ್ಟೇ ನಾನು ಮಾಡಿದ್ದು. ಮರದಡಿ ಕರಿಕಲ್ಲು, ಮೈಮೇಲೆ ನೀರು, ಸುತ್ತ ರಂಗೋಲಿ. ಬೆಂಗಳೂರಿನ ಜನಕ್ಕೆ ಇನ್ನೇನು ಬೇಕು? ತಿಂಡಿ ತಿಂದು ಬರುವುದರೊಳಗೆ ತಲೆಯ ಮೇಲೆ ಒಂದು ದಾಸವಾಳ. ಮಧ್ಯಾಹ್ನಕ್ಕೆ ಅರಿಶಿನ. ಶುಕ್ರವಾರ ಯಾರೋ ನಿಂಬೆಹಣ್ಣಿನ ದೀಪ ಹಚ್ಚಿಟ್ಟು ಹೋಗಿದ್ದರು.

ನಾವು ಇಷ್ಟಲಿಂಗ ಕಟ್ಟಿದವರು. ಅದನ್ನು ಬಿಟ್ಟು ಬೇರೆ ಕಲ್ಲಿಗೆ ನಾನು ಕೈಮುಗಿಯುವುದಿಲ್ಲವೆಂದು ನಿನಗೆ ಗೊತ್ತು. ಈ ವಿಷಯಕ್ಕೇ ನೀನು ನನ್ನೊಡನೆ ಎಷ್ಟೋ ಸಲ ಜಗಳ ತೆಗೆದಿದ್ದೀಯೆ. ಆದರೂ ಸರಸ್ವತಿ, ನಾನು ಆ ದಾಸವಾಳವನ್ನು ತೆಗೆಯಲಿಲ್ಲ.

ಹಿಂದಿನ ರಸ್ತೆಯ ವೆಂಕಟಸ್ವಾಮಿ, ಕಾರ್ಖಾನೆಯಿಂದ ನಿವೃತ್ತರಾಗಿ ಪಾರ್ಕಿನಲ್ಲಿ ನಡೆಯುವವರು, ಮೊದಲು ಅವರು ನಿಂತರು. “ಇದು ಯಾವ ದೇವಿ ತಾಯಿ?” ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಉತ್ತರ ಹೇಳಿಕೊಂಡರು. “ತಿಳೀತು ಬಿಡಿ. ಮುಖ ತೋರ್ಸಿದ್ರೆ ನಮ್ಮಂಥೋರು ತಡ್ಕೊಳ್ಳೋಕಾಗಲ್ಲ, ಅದಕ್ಕೆ ತಿರುಗಿ ಕೂತವಳೆ.” ವಾರದೊಳಗೆ ಹೆಸರೂ ಬಿತ್ತು. ಬೆನ್ನಮ್ಮ. ಆಟೋ ಓಡಿಸುವ ದೇವದಾಸ್ ಮೊದಲ ಬಾಡಿಗೆಗೆ ಮುಂಚೆ ಇಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ನು ಆರಿಸದೆಯೇ ಕೈಮುಗಿದು, “ಅಮ್ಮ, ಬರ್ತೀನಿ” ಎನ್ನುತ್ತಿದ್ದ. ಬೆನ್ನಮ್ಮನಿಗೆ ಹೇಳುತ್ತಿದ್ದನೋ ನನಗೋ, ನಾನು ಕೇಳಲಿಲ್ಲ.

ಕಾಲೇಜಿಗೆ ಹೋಗುವ ಹುಡುಗಿಯರು ಬಂದರು. ಬಿ.ಟಿ.ಎಂ. ಲೇಔಟ್ ಕಡೆಯಿಂದ ಒಬ್ಬಾಕೆ ಮೊಸರನ್ನ ಮಾಡಿಕೊಂಡು ಬಂದಳು. ಯಾರಿಗೋ ನೀರು ಬೇಕು, ಯಾರಿಗೋ ಬೆಂಕಿಪೊಟ್ಟಣ ಬೇಕು, ಯಾರಿಗೋ ಸೊಸೆಯ ಮೇಲೆ ದೂರು ಹೇಳಬೇಕು. ನಾನು ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕೂತೆ. ನನ್ನ ಮುಖ ನಿನಗೆ ಗೊತ್ತಲ್ಲ, ನಗುವ ಮುಖವಲ್ಲ. ಆದರೂ ಜನ ಮಾತಾಡಿದರು. ‘ಬೆನ್ನಮ್ಮನ ಮನೆ ಅಮ್ಮ’ ಎಂದರೆ ಹಾಲಿನ ಬೂತಿನವನಿಗೂ ಗೊತ್ತಾಗುತ್ತಿತ್ತು. ಆ ಎರಡು ತಿಂಗಳು ಮಧ್ಯಾಹ್ನದ ಊಟ ನನಗೆ ರುಚಿಸಿತು.

ಸೋಮನಾಥ ಮಾತ್ರ ದಿನವೂ ಗೊಣಗುತ್ತಿದ್ದ. “ಅಮ್ಮ, ಅದು ಆರ್ಟು ಅಂತ ಒಂದು ಮಾತು ಹೇಳ್ಬಿಡಿ. ನಾಳೆ ಕಾರ್ಪೊರೇಷನ್ನೋರು ಬಂದ್ರೆ ನಾನು ಏನು ಹೇಳ್ಲಿ?” ನಾನು ಹೇಳಲಿಲ್ಲ. ಹೇಳಿದರೆ ಮಾರನೆಯ ದಿನ ಗೇಟಿಗೆ ಯಾರು ಬರುತ್ತಾರೆ?

ಸಂಕ್ರಾಂತಿಯ ಎಳ್ಳು ಹಿಡಿದು ಬಂದ ವೆಂಕಟಸ್ವಾಮಿ ಒಂದು ಗುಡಿಯ ಮಾತು ತೆಗೆದರು. ಟೈಲ್ಸು, ಕಬ್ಬಿಣದ ಗ್ರಿಲ್ಲು, ಶುಕ್ರವಾರ ಮೈಕು. “ನೀವು ಹೂಂ ಅನ್ನಿ ಸಾಕು ತಾಯಿ, ಮಿಕ್ಕಿದ್ದು ನಾವು ನೋಡ್ಕೋತೀವಿ. ಮೊದಲ ಪೂಜೆ ನಿಮ್ಮದೇ.” ನಾನು ಯೋಚಿಸಿ ಹೇಳುತ್ತೇನೆಂದೆ. ನಿಜ ಹೇಳುತ್ತೇನೆ, ಹೂಂ ಎನ್ನುವುದರಲ್ಲೇ ಇದ್ದೆ. ಸಾಯುವ ತನಕ ಬಾಗಿಲಿಗೆ ಜನ ಇರುತ್ತಿದ್ದರು.

ಅಷ್ಟರಲ್ಲಿ ಒಂದು ಭಾನುವಾರ ದೇವದಾಸ್ ತನ್ನ ತಂಗಿ ರೇಖಾಳನ್ನು ಕರೆತಂದ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕೆಲಸ. ಕಂಕುಳಲ್ಲಿ ಹೆಣ್ಣುಮಗು, ಕಂಕುಳಲ್ಲಿ ಎತ್ತುವ ವಯಸ್ಸು ಮೀರಿದ ಮಗು. ಮಗುವಿನ ತುಟಿಯ ಪಕ್ಕ ಹಲ್ಲು ಕಚ್ಚಿದ ಹಸಿ ಗಾಯ. ರೇಖಾ ಕಲ್ಲಿನ ತುರುಬಿಗೆ ಅರಿಶಿನದ ದಾರ ಸುತ್ತಿ ನನ್ನ ಹತ್ತಿರ ಬಂದಳು.

“ಮಗೂಗೆ ಫಿಟ್ಸ್ ಬರುತ್ತೆ ಅಮ್ಮ. ಮಾತ್ರೆ ಕೊಟ್ರೆ ದಿನಾ ಮಂಕಾಗಿರೋಳು. ನಿಲ್ಸಿಬಿಟ್ಟಿದೀನಿ. ಬೆನ್ನಮ್ಮಂಗೆ ಒಪ್ಸಿದೀನಿ.”

“ಯಾವತ್ತಿಂದ ನಿಲ್ಲಿಸಿದೀಯ?”

“ಹೋದ್ ಭಾನುವಾರದಿಂದ. ನಿನ್ನೆ ರಾತ್ರಿ ಒಂದ್ಸಲ ಬಂತು, ಜೋರಾಗೇ ಬಂತು. ತಾಯಿ ಪರೀಕ್ಷೆ ಮಾಡ್ತಾವ್ಳೆ, ಅಷ್ಟೇ.”

ನಾನು ಎದ್ದು ನಿಂತೆ. ಹೇಗೆ ಕಿರುಚಿದೆನೆಂದರೆ ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಗೆಲ್ಲ ಜನ ಬಂದರು. “ಅದು ದೇವರಲ್ಲ ಕಣೇ! ಉತ್ತರಹಳ್ಳಿ ಶೆಡ್ಡಲ್ಲಿ ದುಡ್ಡು ಕೊಟ್ಟು ತಂದಿದೀನಿ. ಹಾಲಲ್ಲಿ ಅಂದಕ್ಕೆ ಇಡೋ ಬೊಂಬೆ. ನಡಿ, ಮಗೂಗೆ ಮೊದ್ಲು ಮಾತ್ರೆ ಕೊಡು.”

ರೇಖಾ ಅಳಲಿಲ್ಲ. ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. “ಮತ್ತೆ ಇಷ್ಟು ದಿನ ನೀವೇ ನೀರು ಹಾಕಿ ರಂಗೋಲಿ ಬಿಡ್ತಿದ್ರಲ್ಲಮ್ಮ?” ಎಂದಳು.

ನಾನು ಒಳಗೆ ಹೋದೆ. ಬಿಂದಿಗೆ ತಂದು, ಎಲ್ಲರೂ ನೋಡುತ್ತಿರುವಾಗಲೇ ಅರಿಶಿನ ಕುಂಕುಮವನ್ನೆಲ್ಲ ತೊಳೆದೆ. ಮೇಘಶ್ರೀ ಕಾರು ತೆಗೆದು, ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ, ಮಗು ಈಗ ಶಾಲೆಗೆ ಹೋಗುತ್ತಿದೆಯಂತೆ. ರೇಖಾ ಮೇಘಶ್ರೀಗೆ ಫೋನ್ ಮಾಡುತ್ತಾಳೆ. ನನ್ನನ್ನು ಕೇಳುವುದಿಲ್ಲ.

ವಾರದಲ್ಲಿ ಪ್ರಕೃತಿ ಜನರನ್ನೂ ಮಣೆಯನ್ನೂ ತಂದು ಕಲ್ಲನ್ನು ಒಳಗೆ ಇಡಿಸಿಕೊಟ್ಟಳು. ಮರದ ಬುಡದಲ್ಲಿ ಬಿದ್ದಿದ್ದ ಹೂವಿನ ರಾಶಿ ನೋಡಿ, “ಆಂಟಿ, ನನ್ನ ಎಕ್ಸಿಬಿಷನ್ನಿಗೂ ಇಷ್ಟು ಜನ ಬಂದಿರ್ಲಿಲ್ಲ” ಎಂದು ನಕ್ಕಳು. ನನಗೂ ನಗು ಬಂತು, ತೋರಿಸಲಿಲ್ಲ.

ವೆಂಕಟಸ್ವಾಮಿ ಈಗ ಆಚೆ ರಸ್ತೆಯಲ್ಲಿ ನಡೆದು ಹೋಗುತ್ತಾರೆ. ದೇವದಾಸನ ಆಟೋ ಗೇಟಿನ ಮುಂದೆ ನಿಧಾನಿಸುವುದಿಲ್ಲ. ನಾನು ಮಾಡಿದ್ದು ಸರಿ. ಇನ್ನೊಮ್ಮೆ ಆದರೂ ಅದನ್ನೇ ಮಾಡುತ್ತೇನೆ. ಆದರೆ ಸರಿ ಮಾಡಿದವಳ ಮನೆಗೆ ಜನ ಬರಬೇಕೆಂದು ಎಲ್ಲೂ ಬರೆದಿಲ್ಲ. ಮಧ್ಯಾಹ್ನ ಮನೆ ಖಾಲಿಯಾದಾಗ ನಾನು ಹಾಲ್‌ನಲ್ಲಿ ಕೂರುತ್ತೇನೆ, ಅವಳೂ ಕೂತಿರುತ್ತಾಳೆ. ಈ ಸೋಫಾದಿಂದ ನೋಡಿದರೂ ಬೆನ್ನು, ಆ ಕುರ್ಚಿಯಿಂದ ನೋಡಿದರೂ ಬೆನ್ನು.

ಬಹಳ ಬರೆದೆ. ಕಣ್ಣು ನೀರಾಡುತ್ತಿದೆ, ಆಪರೇಷನ್ ಆದ ಮೇಲೆ ಹಾಗೆಯೇ. ಹೊತ್ತಿಗೆ ಸರಿಯಾಗಿ ಉಣ್ಣು. ಬಚ್ಚಲಲ್ಲಿ ಗೋಡೆ ಹಿಡಿದು ನಡೆ. ಶುಭಾಳ ಮಕ್ಕಳು ಚೆನ್ನಾಗಿ ಓದಲಿ, ಅವಳ ಸಂಸಾರ ತಣ್ಣಗಿರಲಿ. ನಿನಗೆ ನೋವಿಲ್ಲದ ದಿನಗಳನ್ನೂ ಒಳ್ಳೆಯ ನಿದ್ದೆಯನ್ನೂ ಶಿವ ಕೊಡಲಿ.

ನಿನ್ನ,
ಗಂಗಾ

ಮರೆತ ಮಾತು: ಶುಭಾ, ಇದು ನಿನಗೆ. ಅಮ್ಮನಿಗೆ ಓದಿ ಹೇಳಬೇಡ. ದೀಪಾವಳಿಯ ದಿನ ಫೋನಿನಲ್ಲಿ ನೀನು ಎಷ್ಟು ಖುಷಿಯಿಂದ ಹೇಳಿದೆ, ಅಮ್ಮ ನಮ್ಮ ಬೀದಿಯನ್ನು ಮನೆ ಮನೆಯಾಗಿ ನೆನಪಿಸಿಕೊಂಡರೆಂದು. ಮೂಲೆಮನೆಯ ಕಚ್ಚುವ ನಾಯಿ, ಸೀಬೆಮರದ ಮನೆ, ಶಿಳ್ಳೆ ಹಾಕುತ್ತಿದ್ದ ಮೇಷ್ಟ್ರು. ‘ಎದುರು ಮನೆ?’ ಎಂದು ನಾನೇ ಕೇಳಿದೆ. ನೀನು ಮಾತು ಬದಲಾಯಿಸಿದೆ, ನಾನು ಬಿಡಲಿಲ್ಲ. ಕೊನೆಗೆ ನೀನೇ ಹೇಳಿದೆ. ‘ಎದುರುಗಡೆ ಮನೆ ಖಾಲಿ ಇತ್ತಂತೆ ಆಂಟಿ. ಅಲ್ಲಿ ಯಾರೂ ಇರ್ಲಿಲ್ವಂತೆ. ಬೇಜಾರು ಮಾಡ್ಕೋಬೇಡಿ.’ ಬೇಜಾರಿಲ್ಲ ಎಂದು ಫೋನ್ ಇಟ್ಟೆ. ಮಾರನೆಯ ದಿನವೇ, ‘ಓ, ಅದಿರೋ ಮನೆ’ ಎಂದಿದ್ದ ಆ ಭಾರ್ಗವನಿಗೆ ಫೋನ್ ಮಾಡಿದ್ದು.

ಇನ್ನೊಮ್ಮೆ ಅವಳು ಆ ಮನೆ ಖಾಲಿ ಇತ್ತು ಎಂದರೆ ತಿದ್ದಬೇಡ, ಜ್ಞಾಪಿಸಬೇಡ, ಅವಳಿಗೆ ಗಾಬರಿಯಾಗುತ್ತದೆ. ಅಲ್ಲಿ ಎಂಥವರು ಇದ್ದಿದ್ದರೆ ಚೆನ್ನಾಗಿರುತ್ತಿತ್ತಮ್ಮ ಎಂದು ಮಾತ್ರ ಕೇಳು. ಏನು ಹೇಳಿದಳೆಂದು ನನಗೆ ಬರೆ.