ಕರ್ಟಿಸ್ ಕೇಳಿದ ಮಗಳು

ಅಮ್ಮಾ,

ಇವತ್ತು ನಿನ್ನ ಟೊಲೀಡೋ ಮನೆಯ ಫ್ರೀಜರ್ ಖಾಲಿ ಮಾಡುತ್ತಿದ್ದಾಗ, ನಿನ್ನ ಕ್ರೆಡಿಟ್ ಕಾರ್ಡ್ ಸಾಲ ವಸೂಲಿ ಮಾಡುವ ಕರ್ಟಿಸ್ ಫೋನ್ ಮಾಡಿದ. ನೀನು ತೀರಿಕೊಂಡ ಸುದ್ದಿ ಹೇಳಿದೆ.

"ಅಯ್ಯೋ! ವಾರವಾರ ನನ್ನ ಬೈದು ಬೆಂಡೆತ್ತೋರು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮಗಳು ಬರ್ತಾಳೆ, ಚೌಕಾಸಿ ಅವಳ ಹತ್ರ ಮಾಡ್ಕೋ ಅನ್ನೋರು. ಆ ಮಗಳು ನೀವೇನಾ?"

"ಹೂಂ, ನಾನೇ."

"ಕಾನೂನಿನ ಪ್ರಕಾರ ನೀವು ಕಟ್ಟಬೇಕಾಗಿಲ್ಲ ಮೇಡಂ. ಮನಸ್ಸಿದ್ರೆ ಅರ್ಧಕ್ಕೆ ಮುಗಿಸೋಣ."

ಪೂರ್ತಿ ಕಟ್ಟುತ್ತೇನೆ ಎಂದುಬಿಟ್ಟೆ. ಯಾಕೆ ಹಾಗೆಂದೆನೋ ನನಗೇ ತಿಳಿಯುತ್ತಿಲ್ಲ. ನೀನು ಸಾಲದ ಮಾತು ನನ್ನ ಹತ್ತಿರ ಎತ್ತಲೇ ಇಲ್ಲವಲ್ಲ! ಅವನಿಗೂ ಗಲಿಬಿಲಿಯಾಗಿರಬೇಕು, ಮಾತು ಬದಲಿಸಿ, "ಹಬ್ಬ ಚೆನ್ನಾಗಾಯ್ತಾ?" ಎಂದು ಕೇಳಿದ.

"ತುಂಬಾ ಚೆನ್ನಾಗಾಯ್ತು" ಎಂದೆ. ನಾನು ಬಾರದೇ ಹೋದ ಆ ಹಬ್ಬಕ್ಕೆಂದು ನೀನು ತಂದಿಟ್ಟಿದ್ದ ಟರ್ಕಿ ಕೋಳಿ ಕಲ್ಲಿನಂತೆ ಹೆಪ್ಪುಗಟ್ಟಿ, ಇಡಿಯಾಗಿ ನನ್ನ ಕೈಯಲ್ಲೇ ಇತ್ತು.