ನಡುಹೊಳೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ

ಹೊನ್ನಾವರ, ಮಂಗಳವಾರ

ತಂಗಿ ಓಬವ್ವ,

ಇಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನಕ್ಕು ನಕ್ಕು ನನ್ನ ಪಕ್ಕೆ ಮಾತ್ರ ನೋಯುತ್ತಿದೆ. ರಿಟೈರಾದ ಮೇಲೆ ನಿಮ್ಮ ಭಾವ ಮಂಚ, ಒಲೆ ಕೂಡಿಸಿ ಮನೆ ಮಾಡಿದ ಹಳೇ ಬಸ್ಸನ್ನು ಇವತ್ತು, ಎರಡು ದೋಣಿ ಕಟ್ಟಿ ಹಲಗೆ ಹಾಸಿದ ಜೋಡಿದೋಣಿಯ ಮೇಲೆ ಹತ್ತಿಸಿ ಹೊಳೆ ದಾಟಲು ಹೊರಟೆವು. ನಮ್ಮ ಹರಿಹರದ ಹೊಳೆಯಂತಲ್ಲ, ಇಲ್ಲಿ ಕೂಗಳತೆಯಲ್ಲೇ ಸಮುದ್ರ! ನಾನು ಒಳಗೆ ಹಿಟ್ಟಿನಲ್ಲಿ ಅದ್ದಿ ಮೆಣಸಿನಕಾಯಿ ಕರಿಯುತ್ತಿದ್ದೆ. ವಾಸನೆಗೆ ಅಂಬಿಗರು ಬಂದು ಬಾಗಿಲಲ್ಲಿ ಇಣುಕಿದರು. ಮನೆಗೆ ಬಂದವರನ್ನು ಹಾಗೇ ಕಳಿಸಲಾದೀತೇ? "ಬರ್ರಿ, ಕೂಡ್ರಿ" ಅಂದೆ. ಎಲ್ಲರೂ ಹುಟ್ಟು ಬಿಟ್ಟು ಬಂದು, ದಾವಣಗೆರೆಯಿಂದ ತಂದ ಮಂಡಕ್ಕಿಯ ಮುಂದೆ ಕೂತೇಬಿಟ್ಟರು. ದೋಣಿ ಸಮುದ್ರದ ದಾರಿ ಹಿಡಿಯಿತು! ಸ್ಟೇರಿಂಗ್ ಮುಂದೆ ಕೂತಿದ್ದ ನಿಮ್ಮ ಭಾವ ಬ್ರೇಕು ತುಳಿದದ್ದೇ ತುಳಿದದ್ದು. "ಏ ಇವಳೇ, ಬ್ರೇಕು ಹಿಡೀತಿಲ್ಲ, ಮನಿ ಎತ್ತಾಗೋ ಹೊಂಟೈತೆ!" ಎಂದು ಕೂಗಿದಾಗಲೇ ಅಂಬಿಗರು ಎದ್ದು ಹುಟ್ಟು ಹಿಡಿಯಲು ಓಡಿದ್ದು. ಕೊನೆಗೆ ಯಾರದೋ ತೆಂಗಿನ ತೋಟದ ಕೆಸರಿಗೆ ಸಿಕ್ಕಿಕೊಂಡೆವು. ಸಮುದ್ರದ ಭರತಕ್ಕೆ ನೀರು ಏರಿ ದೋಣಿ ತೇಲುವವರೆಗೆ ಇಲ್ಲೇ ಠಿಕಾಣಿ.

"ಆಚಿ ದಡ ಮುಟ್ಟೋತನಕ ಒಲೆ ಹಚ್ಚಬ್ಯಾಡ" ಎಂದು ಇವರ ಆಜ್ಞೆ. ಹಚ್ಚದಿದ್ದರೆ ಹುಟ್ಟು ಮುಟ್ಟುವುದಿಲ್ಲವೆಂದು ಅಂಬಿಗರ ಹಠ.

ಕಾರ್ಡಿಗೆ ಅಂಟಿರುವುದು ಕಡಲೆಹಿಟ್ಟು, ಒರೆಸಿಕೊಂಡು ಓದು.

ನಿನ್ನಕ್ಕ,
ಪುಟ್ಟಕ್ಕ